ಐಸಿಯು, ಮನೆ, ಹಾಸ್ಪೈಸ್: ಅಪ್ಪಾಜಿಗೆ ಯಾವುದು?

ಅಪ್ಪಾಜಿಯ ಕ್ಯಾನ್ಸರ್ ಇನ್ನು ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ದಾವಣಗೆರೆಯ ಐಸಿಯುನಲ್ಲೇ ಇಡಲಾ, ಹರಿಹರದ ಮನೆಗೆ ಕರೆದುಕೊಂಡು ಬರಲಾ, ಬೆಂಗಳೂರಿನ ಕರುಣಾಶ್ರಯ ಎಂಬ ಹಾಸ್ಪೈಸ್‌ಗೆ (ವಾಸಿಯಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಜಾಗ) ಸೇರಿಸಲಾ ಎಂದು ಕೇಳಿದ್ದೀರಿ. ಮೊದಲು ಅಪ್ಪಾಜಿಯನ್ನೇ ಕೇಳಿ ಅಕ್ಕ.

ಎಲ್ಲಕ್ಕಿಂತ ದೊಡ್ಡದು ನೋವು. ಮಾರ್ಫಿನ್ ಎಂಬ ಬಲವಾದ ನೋವಿನ ಮಾತ್ರೆಯನ್ನು ಡಾಕ್ಟರು ಹೇಳಿದ ಹೊತ್ತಿಗೆ ತಪ್ಪದೆ ಕೊಟ್ಟರೆ ಮನೆಯಲ್ಲೂ ಹೆಚ್ಚಿನವರ ನೋವು ಹಿಡಿತಕ್ಕೆ ಬರುತ್ತದೆ. ಮಾರ್ಫಿನ್‌ನಿಂದ ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಗೇ ಔಷಧಿ ಬೇಕು. ಆದರೆ ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ, ಎಲ್ಲಿ ಸಿಗುತ್ತದೆ ಎಂದು ಡಿಸ್ಚಾರ್ಜ್‌ಗೆ ಮುಂಚೆಯೇ ಕೇಳಿ ಬರೆದುಕೊಳ್ಳಿ. ರಾತ್ರಿ ಎದ್ದು ಮಗ್ಗಲು ಬದಲಿಸಲು ಇಬ್ಬರಾದರೂ ಇದ್ದರೆ ಮನೆಯೇ ಚೆಂದ. ನೀವು ಒಬ್ಬರೇ ಇದ್ದು, ವಾಂತಿ, ಉಸಿರಾಟದ ತೊಂದರೆ ಜಾಸ್ತಿಯಾದರೆ ಹಾಸ್ಪೈಸ್ ಮೇಲು. ಕರುಣಾಶ್ರಯದಲ್ಲಿ ಹಣ ತೆಗೆದುಕೊಳ್ಳುವುದಿಲ್ಲ, ಆದರೆ ದಾವಣಗೆರೆಯಿಂದ ಸುಮಾರು 260 ಕಿ.ಮೀ. ದೂರ, ನೆಂಟರು ಬಂದು ಹೋಗುವುದು ಕಷ್ಟ ಅಲ್ವಾ.

ಐಸಿಯು ಬಿಲ್ಲು ದಿನದಿನಕ್ಕೂ ಏರುತ್ತದೆ, ಒಳಗೆ ಬಿಡುವುದೂ ಸ್ವಲ್ಪ ಹೊತ್ತು. ನ್ಯುಮೋನಿಯಾದಂಥ, ಚಿಕಿತ್ಸೆಗೆ ಬಗ್ಗುವ ತೊಂದರೆ ಬಂದಿದ್ದರೆ ಐಸಿಯುನಲ್ಲಿ ಇಡುವುದಕ್ಕೆ ಅರ್ಥವಿದೆ.

ವೆಂಟಿಲೇಟರ್ ಬೇಡ ಎಂದು ಅಪ್ಪಾಜಿಯೇ ಹೇಳಿದರೆ ಬರೆಸಿಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಮುಂಚೆಯೇ ಬರೆದಿಡುವುದನ್ನು ಒಪ್ಪಿದೆ, 2023ರಲ್ಲಿ ಸುಲಭ ಮಾಡಿದೆ: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಒಂದು ಪ್ರತಿ ಆಸ್ಪತ್ರೆಯ ಫೈಲಿನಲ್ಲೇ ಇರಲಿ.