ಬರದ ಬೇಸಿಗೆಯಲ್ಲಿ ಸೀಮೆ ಹಸು, ಹಳ್ಳಿಕಾರ್ ಮತ್ತು ಗಿಡ್ಡ

ನಮ್ಮದು ಶಿರಾ ಕಡೆಯ ಒಣ ಭೂಮಿ. ಕೊಟ್ಟಿಗೆಯಲ್ಲಿ ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ಯುರೋಪಿನ ಹಾಲಿನ ತಳಿ) ಕ್ರಾಸ್ ಸೀಮೆ ಹಸು, ಪಕ್ಕದಲ್ಲಿ ನಮ್ಮ ನಾಟಿ ತಳಿಯ ಒಂದು ಹಳ್ಳಿಕಾರ್, ಕೊನೆಯ ಗೂಟಕ್ಕೆ ತೀರ್ಥಹಳ್ಳಿ ಕಡೆಯಿಂದ ತಂದ ಇನ್ನೊಂದು ನಾಟಿ ತಳಿ, ಮಲೆನಾಡು ಗಿಡ್ಡ. 2023ರ ಬರ ಇವುಗಳನ್ನು ಸರಿಯಾಗಿ ಪರೀಕ್ಷೆ ಮಾಡಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಅದರ ಹಿಂದೆಯೇ ಬಂದ ಬೇಸಿಗೆಯಲ್ಲಿ ಹಸಿ ಮೇವು ಕಣ್ಣಿಗೂ ಬೀಳಲಿಲ್ಲ.

ಹಾಲಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಮೇವು, ನೀರು ಸರಿಯಾಗಿದ್ದಾಗ ಸೀಮೆ ಹಸು ದಿನಕ್ಕೆ 12 ಲೀಟರ್ ಕೊಡುತ್ತಿತ್ತು. ಹಳ್ಳಿಕಾರ್ ಎರಡು ಲೀಟರ್, ಗಿಡ್ಡ ಅದಕ್ಕಿಂತ ಸ್ವಲ್ಪ ಕಮ್ಮಿ. ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವವರಿಗೆ ಇದರಲ್ಲಿ ಲೆಕ್ಕ ಹಾಕೋಕೆ ಏನೂ ಇಲ್ಲ.

ಲೆಕ್ಕ ಬದಲಾಗೋದು ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ. ಆ ಹೊತ್ತಲ್ಲಿ ಹಸುವಿನ ಅಳ್ಳೆ ನೋಡಬೇಕು. ಗಡಿಯಾರ ಹಿಡಿದು ಎಣಿಸಿದೆ. ಸೀಮೆ ಹಸುವಿನ ಅಳ್ಳೆ ನಿಮಿಷಕ್ಕೆ 80 ಸಲ ಬಡಿದುಕೊಳ್ಳುತ್ತಿತ್ತು. ಬಾಯಿ ತೆರೆದು, ಕತ್ತು ಮುಂದೆ ಚಾಚಿ, ಜೊಲ್ಲು ಗೋದಲಿಯವರೆಗೆ ಇಳಿಬಿಟ್ಟಿತ್ತು. ಮುಂದಿದ್ದ ಹುಲ್ಲು ಹಾಗೇ ಇತ್ತು. ಹಳ್ಳಿಕಾರ್ 35ರ ಆಸುಪಾಸಿನಲ್ಲಿ ಉಸಿರಾಡುತ್ತಾ, ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಇದು ಸುಮ್ನೆ ಗಟ್ಟಿತನದ ಮಾತಲ್ಲ, ಮೈಯೊಳಗಿನ ಖರ್ಚಿನ ಮಾತು. ಹೊಟ್ಟೆಯಲ್ಲಿ ಮೇವು ಹುದುಗುವಾಗ ಶಾಖ ಹುಟ್ಟುತ್ತದೆ, ಹಾಲು ತಯಾರಾಗುವಾಗಲೂ ಅಷ್ಟೇ. 12 ಲೀಟರ್ ಕೊಡುವ ಹಸು ಸದಾ ಉರಿಯುವ ಒಲೆ ಇದ್ದ ಹಾಗೆ. ಹೊರಗೆ 25 ಡಿಗ್ರಿ ದಾಟಿದರೆ ಎಚ್‌ಎಫ್ ತಳಿಗೆ ಕಷ್ಟ ಶುರು, ನಮ್ಮಲ್ಲಿ 38 ಡಿಗ್ರಿ. ಒಲೆ ತಗ್ಗಿಸೋಕೆ ಅದಕ್ಕೆ ಗೊತ್ತಿರೋ ದಾರಿ ಒಂದೇ, ತಿನ್ನೋದು ಬಿಡುವುದು. ಹಾಲು ಏಳು ಲೀಟರಿಗೆ ಇಳಿಯಿತು.

ಹಿಣಿಲಿರುವ ನಮ್ಮ ತಳಿಗಳ ಮೈ ಸುಮ್ಮನಿದ್ದಾಗ ಕಮ್ಮಿ ಶಕ್ತಿ ಸುಡುತ್ತದೆ. ಯುರೋಪಿನ ಮಾಂಸದ ತಳಿಗಳಿಗೆ ಹೋಲಿಸಿದರೆ ಜೀವ ಹಿಡಿದುಕೊಳ್ಳೋಕೆ ಸುಮಾರು 10 ಪರ್ಸೆಂಟ್ ಕಮ್ಮಿ ಸಾಕು. ಎಚ್‌ಎಫ್‌ನಂಥ ಹಾಲಿನ ತಳಿಗೆ ಅದೇ ಲೆಕ್ಕದಲ್ಲಿ 20 ಪರ್ಸೆಂಟ್ ಜಾಸ್ತಿ ಬೇಕು. ಶಕ್ತಿ ಜಾಸ್ತಿ ತಿನ್ನುವ ಲಿವರ್, ಕರುಳು ಇವೆಲ್ಲ ನಮ್ಮ ತಳಿಗಳಲ್ಲಿ ಚಿಕ್ಕವು. ಮೇಲೆ ನುಣುಪಾದ ಗಿಡ್ಡ ಕೂದಲು, ದೊಡ್ಡ ಬೆವರಿನ ಗ್ರಂಥಿಗಳು. ಶಾಖ ಹುಟ್ಟೋದೂ ಕಮ್ಮಿ, ಹೊರಹೋಗೋದೂ ಸಲೀಸು.

ಮೇವಿನಲ್ಲಿ ಇನ್ನೂ ಸ್ವಾರಸ್ಯ ಇದೆ. ಆ ಬೇಸಿಗೆಯಲ್ಲಿ ಉಳಿದಿದ್ದು ರಾಗಿ ಹುಲ್ಲು ಮಾತ್ರ. ಅದರಲ್ಲಿ ಪ್ರೋಟೀನ್ 3–4 ಪರ್ಸೆಂಟ್. ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೆ ಕನಿಷ್ಠ 7 ಆದರೂ ಬೇಕು. ಇಲ್ಲಿ ನಾಟಿ ದನ ಒಂದು ಉಪಾಯ ಮಾಡುತ್ತದೆ. ಮೂತ್ರದಲ್ಲಿ ಹೋಗಬೇಕಾದ ಯೂರಿಯಾವನ್ನು ತಡೆದು, ಜೊಲ್ಲಿನ ಮೂಲಕ, ರಕ್ತದ ಮೂಲಕ ಮತ್ತೆ ಹೊಟ್ಟೆಗೇ ಕಳಿಸುತ್ತದೆ. ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನ್ ಮಾಡಿಕೊಳ್ಳುತ್ತವೆ. ಎಲ್ಲ ದನಗಳಿಗೂ ಇದು ಬರುತ್ತದೆ, ಕಳಪೆ ಮೇವಿನಲ್ಲಿ ನಾಟಿಗೆ ಚೆನ್ನಾಗಿ ಬರುತ್ತದೆ. ಬರೀ ಹುಲ್ಲಿನ ಮೇಲೆ ಹಳ್ಳಿಕಾರ್ ಸ್ವಲ್ಪ ಇಳಿಯಿತು ಅಷ್ಟೇ. ಸೀಮೆ ಹಸುವಿಗೆ ಹಿಂಡಿ ಕಮ್ಮಿ ಮಾಡಿದ ವಾರದಲ್ಲೇ ಪಕ್ಕೆಲುಬು ಕಾಣಿಸಿತು. ಮಳೆ ಬಂದ ಮೇಲೂ ಅದು ತಿಂಗಳುಗಟ್ಟಲೆ ಬೆದೆಗೆ ಬರಲಿಲ್ಲ. ಹಳ್ಳಿಕಾರ್ ಅಷ್ಟರಲ್ಲಿ ಗಬ್ಬವಾಗಿತ್ತು.

ನೀರಿನದೂ ಇದೇ ಕಥೆ. ಸೀಮೆ ಹಸುವಿಗೆ ದಿನಕ್ಕೆ ಎಂಟು ಬಕೆಟ್ ಕೊಟ್ಟರೂ ಬಾನಿ ನೆಕ್ಕುತ್ತಿತ್ತು. ಹಳ್ಳಿಕಾರ್‌ಗೆ ಮೂರು ಸಾಕಾಗುತ್ತಿತ್ತು. ಸಗಣಿ ನೋಡಿದರೇ ಗೊತ್ತಾಗುತ್ತಿತ್ತು, ಅದರದ್ದು ಗಟ್ಟಿ, ನೀರು ಪೋಲಿಲ್ಲ.

ಗಿಡ್ಡದ ಬಗ್ಗೆ ಜಾಸ್ತಿ ಹೇಳಲಾರೆ. ನೂರು ಕೆಜಿ ಆಸುಪಾಸಿನ ಮೈ, ಬೇಲಿ ಸಾಲಿನ ಸೊಪ್ಪಲ್ಲೇ ಹೊಟ್ಟೆ ತುಂಬಿಸಿಕೊಂಡಿತು. ಆದರೆ ಕಟ್ಟಿಹಾಕಿದರೆ ಹಗ್ಗ ಕಡಿಯುತ್ತದೆ, ಕಾಡು ಸುತ್ತಿದ ಜೀವ. ಮಳೆ, ಉಣ್ಣಿ, ಕಾಡುಹುಲ್ಲಿನ ಊರಲ್ಲೇ ಅದರ ನಿಜವಾದ ಬೆಲೆ.

ಹಾಗಂತ ನಾಟಿ ಹಸು ಕಟ್ಟಿ ಶ್ರೀಮಂತರಾಗಿ ಅನ್ನೋ ವಿಡಿಯೋಗಳನ್ನು ನಂಬಬೇಡಿ. ಹಳ್ಳಿಕಾರ್‌ಗೆ ಹಿಂಡಿ ಸುರಿದರೆ ಹಾಲು ಏರಲ್ಲ, ಮೈ ತುಂಬಿಕೊಳ್ಳುತ್ತದೆ. ಕಮ್ಮಿ ಖರ್ಚಿನ ಮೈ ಕೊಡುವುದೂ ಕಮ್ಮಿಯೇ ಅಲ್ವಾ. ನಾಟಿ ಹಸುವಿನ ಎ2 ಹಾಲು ಅಂತ ಲೀಟರಿಗೆ ನೂರು ರೂಪಾಯಿ ಕೊಡುವ ಗಿರಾಕಿ ನಮ್ಮೂರಲ್ಲಿ ಎಲ್ಲಿದ್ದಾನೆ?

ಬೋರ್‌ನಲ್ಲಿ ಮೇ ತಿಂಗಳಲ್ಲೂ ನೀರಿದ್ದರೆ ಸೀಮೆ ಹಸು ಕಟ್ಟಿ. ಅದರಲ್ಲೂ ಜರ್ಸಿ ಕ್ರಾಸ್ ವಾಸಿ, ಮೈ ಚಿಕ್ಕದು, ಬಿಸಿಲು ಸ್ವಲ್ಪ ಜಾಸ್ತಿ ತಡೆಯುತ್ತದೆ. ನೀರು ನಂಬೋಕಾಗದಿದ್ದರೆ ಹಳ್ಳಿಕಾರ್. ಈಗಾಗಲೇ ಎಚ್‌ಎಫ್ ಇದ್ದವರು ಬೇಸಿಗೆಯಲ್ಲಿ ಒಣಹುಲ್ಲನ್ನು ಹಗಲು ಹಾಕಬೇಡಿ, ಸಂಜೆ ಏಳರ ಮೇಲೆ ಹಾಕಿ. ಹೊಟ್ಟೆಯ ಶಾಖವೆಲ್ಲ ತಂಪು ಹೊತ್ತಲ್ಲಿ ಕಳೆಯುತ್ತದೆ. ನಮ್ಮ ಹಸು ಅಷ್ಟಕ್ಕೇ ಒಂದೂವರೆ ಲೀಟರ್ ಏರಿತು.