ಮಂಗಳೂರಿನವರೇ, ಜಿಮ್‌ನ ಮಷಿನ್ ಚೀಟಿ ನಂಬಿ ದುಡ್ಡು ಕಟ್ಟಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ನಾಚಿಕೆಯೂ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರ ದುಡ್ಡಾದರೂ ಉಳಿಯಲಿ.

ಕಂಕನಾಡಿ ಕಡೆಯ ಒಂದು ಜಿಮ್. "ಕೊಬ್ಬನ್ನೇ ಮಸಲ್ ಆಗಿ ಕನ್ವರ್ಟ್ ಮಾಡ್ತೇವೆ" ಅಂತ ಪ್ಯಾಕೇಜ್. ಪೌಡರ್ ಡಬ್ಬಿ ಸೇರಿ 18,000 ರೂಪಾಯಿ. ಗಂಜಿ ಬಿಡಿ, ಬೂತಾಯಿ ಮೀನು ಬಿಡಿ ಅಂದರು. ಪ್ಲಾಸ್ಟಿಕ್ ಜಾಕೆಟ್ ಹಾಕಿಸಿ ಓಡಿಸಿದರು. ನಮ್ಮೂರ ಸೆಕೆಗೆ ಸುಮ್ನೆ ನಿಂತರೂ ಬೆವರು ಸುರಿಯುತ್ತದೆ, ಅಲ್ವಾ? ಅದನ್ನೇ ತೋರಿಸಿ "ಕೊಬ್ಬು ಕರಗ್ತಾ ಇದೆ ನೋಡಿ" ಅಂದರು. ಅದು ನೀರು ಮಾರಾಯ್ರೆ! ಮನೆಗೆ ಬಂದು ನೀರು ಕುಡಿದರೆ ತೂಕ ವಾಪಸ್.

ಕೊನೆಗೆ ಮೈಯಲ್ಲಿ ಕೊಬ್ಬೆಷ್ಟು, ಮಸಲ್ ಎಷ್ಟು ಅಂತ ಹೇಳುವ ಮಷಿನ್ ಮೇಲೆ ನಿಲ್ಲಿಸಿ ಚೀಟಿ ಕೊಟ್ಟರು. ಕೊಬ್ಬು ಇಳಿದಿದೆ, ಮಸಲ್ ಏರಿದೆ! ಚಪ್ಪಾಳೆ ತಟ್ಟಿದರು, ಫೋಟೊ ತೆಗೆದರು. ಆದರೆ ಬೆಲ್ಟ್ ಮಾತ್ರ ಹಳೆಯ ತೂತಿನಲ್ಲೇ ಇತ್ತು. ಅನುಮಾನ ಬಂದು ಮೊದಲು ಕೊಟ್ಟಿದ್ದ ಹಳೆ ಚೀಟಿ, ಈ ಹೊಸ ಚೀಟಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಹಳೆಯದರಲ್ಲಿ ನನ್ನ ಎತ್ತರ 165. ಹೊಸದರಲ್ಲಿ 171! ಈ ವಯಸ್ಸಲ್ಲಿ ಯಾರಾದರೂ 6 ಸೆಂಟಿಮೀಟರ್ ಬೆಳೆಯುತ್ತಾರಾ? ಮೈಯೆಲ್ಲ ಬಿಸಿಯಾಯಿತು.

ಆ ಮಷಿನ್ ಕೊಬ್ಬನ್ನು ನೇರವಾಗಿ ಅಳೆಯುವುದೇ ಇಲ್ಲ. ಮೈಯಲ್ಲಿ ಸಣ್ಣ ಕರೆಂಟ್ ಹರಿಸಿ, ಎತ್ತರ, ತೂಕ, ವಯಸ್ಸು ಸೇರಿಸಿ ಅಂದಾಜು ಹೇಳುತ್ತದೆ. ಎತ್ತರ ಜಾಸ್ತಿ ಒತ್ತಿದರೆ ಕೊಬ್ಬು ಕಡಿಮೆ, ಮಸಲ್ ಜಾಸ್ತಿ ಬರುತ್ತದೆ. ಅಷ್ಟೇ ಇವರ ವಿದ್ಯೆ!

ಹೋಗಿ ಕೇಳಿದೆ. "ಟೈಪಿಂಗ್ ಮಿಸ್ಟೇಕ್ ಸರ್, ರಿಸಲ್ಟ್ ಕರೆಕ್ಟೇ." ಹಾಗಾದರೆ ಸರಿಯಾದ ಎತ್ತರ ಹಾಕಿ ಈಗಲೇ ಇನ್ನೊಮ್ಮೆ ತೆಗೆಯಿರಿ ಅಂದೆ. "ಮಷಿನ್ ಸರ್ವಿಸ್‌ಗೆ ಹೋಗಿದೆ." ಮಷಿನ್ ಅಲ್ಲೇ ಮೂಲೆಯಲ್ಲಿ, ಬಟ್ಟೆ ಹೊದಿಸಿ ಇಟ್ಟಿದ್ದಾರೆ! ದುಡ್ಡು ಕೇಳಿದರೆ "ನೀವು ಡಯಟ್ ಸರಿ ಮಾಡ್ಲಿಲ್ಲ ಸರ್." ಎರಡು ನಿಮಿಷದ ಹಿಂದೆ ರಿಸಲ್ಟ್ ಕರೆಕ್ಟ್ ಅಂದವರೂ ಇವರೇ. ಬಿಲ್ ಕೇಳಿದರೆ "ನಾಳೆ ಬನ್ನಿ." ಆ ನಾಳೆ ಇನ್ನೂ ಬಂದಿಲ್ಲ.

ಕೊಬ್ಬು ಮಸಲ್ ಆಗುವುದಿಲ್ಲ. ಎರಡೂ ಬೇರೆ ಬೇರೆ. ಮೈಗೆ ಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆ ತಿಂದರೆ ಕೊಬ್ಬು ಇಳಿಯುತ್ತದೆ. ಮಸಲ್ ಬೆಳೆಯಬೇಕಾದರೆ ಎತ್ತುವ ಭಾರ ನಿಧಾನಕ್ಕೆ ಏರಬೇಕು, ಪ್ರೋಟೀನ್ ಬೇಕು, ನಿದ್ದೆ ಬೇಕು. ಅವರು ಬಿಡಿಸಿದ ಬೂತಾಯಿಯಲ್ಲಿ 100 ಗ್ರಾಮಿಗೆ ಸುಮಾರು 20 ಗ್ರಾಂ ಪ್ರೋಟೀನ್ ಇದೆ! ಅದನ್ನು ಬಿಡಿಸಿ ಪೌಡರ್ ಮಾರಿದರಲ್ಲ, ಅದೇ ಹೊಟ್ಟೆ ಉರಿಯುವುದು.

ಚೀಟಿ ಕೊಟ್ಟ ಕೂಡಲೇ ಎತ್ತರ, ವಯಸ್ಸು ನೋಡಿ. ಸೊಂಟಕ್ಕೆ ಮನೆಯಲ್ಲೇ ಟೇಪ್ ಹಿಡಿಯಿರಿ. ಬಿಲ್ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಮೋಸ ಆಗಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ಮಾಡಿದ್ದೇನೆ.