ಕಾರ್ಡು ಅದೇ, ಬ್ಯಾಂಕು ಬೇರೆ: ಹದಿನಾಲ್ಕು ತಿಂಗಳ ಅನುಭವ

ಒಂಬತ್ತು ವರ್ಷಗಳಿಂದ ನನ್ನ ಬಳಿಯಿದ್ದ ಪ್ರಯಾಣದ ಕ್ರೆಡಿಟ್ ಕಾರ್ಡನ್ನು, ಅದನ್ನು ಕೊಟ್ಟಿದ್ದ ಬ್ಯಾಂಕು ತನ್ನ ಕಾರ್ಡು ವ್ಯವಹಾರದ ಸಮೇತ ಇನ್ನೊಂದು ಬ್ಯಾಂಕಿಗೆ ವಹಿಸಿಕೊಟ್ಟು ಈಗ ಹದಿನಾಲ್ಕು ತಿಂಗಳಾಯಿತು. ವರ್ಷಕ್ಕೆ ಐದಾರು ಸಲ ಮುಂಬಯಿಯಿಂದ ಮಂಗಳೂರಿಗೆ, ಎರಡು ವರ್ಷಕ್ಕೊಮ್ಮೆ ಮಗಳಿರುವ ಸಿಂಗಪುರಕ್ಕೆ ಹೋಗಿಬರುವ ನಮಗೆ ಆ ಕಾರ್ಡು ಕೂಡಿಸಿಕೊಡುತ್ತಿದ್ದ ಮೈಲುಗಳು, ಅಂದರೆ ಖರ್ಚಿಗೆ ತಕ್ಕಂತೆ ಸಿಕ್ಕು ಟಿಕೆಟಿಗೆ ಬಳಸಬಹುದಾದ ಪಾಯಿಂಟುಗಳು, ಸಣ್ಣ ಸಹಾಯವೇನೂ ಆಗಿರಲಿಲ್ಲ. ಆದ್ದರಿಂದ ಇಲ್ಲಿ ಎರಡನ್ನು ತೂಗಿ ನೋಡಿದ್ದೇನೆ: ಒಂದು, ಗ್ರಾಹಕನನ್ನು ಈ ದಡದಿಂದ ಆ ದಡಕ್ಕೆ ದಾಟಿಸಿದ ಕೆಲಸವನ್ನು ಎರಡು ಬ್ಯಾಂಕುಗಳು ಸೇರಿ ಹೇಗೆ ಮಾಡಿದವು ಎಂಬುದು, ಎರಡು, ದಾಟಿ ಬಂದ ಮೇಲೆ ಕೈಗೆ ಸಿಕ್ಕ ಕಾರ್ಡು ಇಟ್ಟುಕೊಳ್ಳಲು ಯೋಗ್ಯವೇ ಎಂಬುದು. ಬ್ಯಾಂಕುಗಳ ಹೆಸರು ಹೇಳುತ್ತಿಲ್ಲ. ಮುಂದೆ ಬರುವ ಉದಾಹರಣೆಗಳಿಂದ ಯಾರೂ ಊಹಿಸುವುದೂ ಬೇಡ.

ಹೀಗಾಗುವುದು ನಮ್ಮ ದೇಶದಲ್ಲಿ ಹೊಸತಲ್ಲ. ಡಾಯ್ಚ ಬ್ಯಾಂಕಿನ ಇಲ್ಲಿಯ ಕ್ರೆಡಿಟ್ ಕಾರ್ಡು ವ್ಯವಹಾರ 2011ರಲ್ಲಿ ಇಂಡಸ್‌ಇಂಡ್ ಬ್ಯಾಂಕಿಗೆ ಹೋಯಿತು. 1902ರಿಂದ ಭಾರತದಲ್ಲಿದ್ದ ಸಿಟಿ ಬ್ಯಾಂಕು ತನ್ನ ಗ್ರಾಹಕ ಬ್ಯಾಂಕಿಂಗ್ ವ್ಯವಹಾರವನ್ನು 2023ರ ಮಾರ್ಚ್ 1ರಂದು ಆಕ್ಸಿಸ್ ಬ್ಯಾಂಕಿಗೆ ಹಸ್ತಾಂತರಿಸಿತು. ಗ್ರಾಹಕರ ವರ್ಗಾವಣೆ 2024ರ ಜುಲೈ ಮಧ್ಯದ ಹೊತ್ತಿಗೆ ನಡೆಯಿತು. ಅಂದರೆ ಒಪ್ಪಂದದ ದಿನಕ್ಕೂ ಕಾರ್ಡಿನ ಮೇಲೆ ಹೊಸ ಹೆಸರು ಬರುವ ದಿನಕ್ಕೂ ನಡುವೆ ವರ್ಷಕ್ಕೂ ಮಿಕ್ಕಿದ ಕಾಲ ಇರಬಹುದು, ಮತ್ತು ಆ ಕಾಲವೇ ಗ್ರಾಹಕನಿಗೆ ಸಿಗುವ ನಿಜವಾದ ಅವಕಾಶ. ನಾನು ಅದರಲ್ಲಿ ಅರ್ಧವನ್ನು ಉದಾಸೀನದಿಂದ ಕಳೆದೆ.

ನಾನು ಮುಂಬಯಿಗೆ ಬಂದ ಹೊಸದರಲ್ಲಿ, ಮಾಟುಂಗಾದ ಬೋರ್ಡಿಂಗೊಂದರಲ್ಲಿ ತಿಂಗಳ ಊಟದ ಕೂಪನ್ ಪುಸ್ತಕ ಕೊಳ್ಳುತ್ತಿದ್ದೆ. ಮಾಲೀಕತ್ವ ಬದಲಾಗುತ್ತದೆ ಎಂಬ ಸುದ್ದಿ ಹಬ್ಬಿದೊಡನೆ ನಮ್ಮ ಕೋಣೆಯ ನಾಲ್ವರೂ ಉಳಿದ ಕೂಪನ್‌ಗಳನ್ನು ಲೆಕ್ಕ ಹಾಕಿ, ಸಂಜೆಯ ಊಟಕ್ಕೂ ಅಲ್ಲಿಗೇ ಹೋಗಿ ಖಾಲಿ ಮಾಡಿದ್ದೆವು. ಇಪ್ಪತ್ತೆರಡನೆಯ ವಯಸ್ಸಿನಲ್ಲಿದ್ದ ಆ ಜಾಗ್ರತೆ ಐವತ್ತೈದರಲ್ಲಿ ಎಲ್ಲಿ ಹೋಯಿತೋ ತಿಳಿಯದು. ಮೈಲುಗಳೂ ಕೂಪನ್‌ಗಳೇ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ₹5 ಲಕ್ಷದವರೆಗೆ ವಿಮೆಯ ರಕ್ಷಣೆಯಿದೆ. ಅದೇ ಬ್ಯಾಂಕಿನ ಜಾಲತಾಣದಲ್ಲಿ, ಅದೇ ಪರದೆಯ ಮೇಲೆ ಠೇವಣಿಯ ಪಕ್ಕದಲ್ಲಿಯೇ ಕಾಣುವ ಮೈಲುಗಳಿಗೆ ಅಂಥ ರಕ್ಷಣೆ ಏನೂ ಇಲ್ಲ, ಅವುಗಳ ಬೆಲೆಯನ್ನು ಬದಲಿಸುವ ಹಕ್ಕನ್ನು ಬ್ಯಾಂಕು ನಿಬಂಧನೆಗಳಲ್ಲಿ ತನಗೇ ಉಳಿಸಿಕೊಂಡಿರುತ್ತದೆ.

ವರ್ಗಾವಣೆಗೆ ಎರಡೂವರೆ ತಿಂಗಳು ಇರುವಾಗ ಬಂದ ಪತ್ರದಲ್ಲಿ ವಿವರ ಸ್ಪಷ್ಟವಾಗಿತ್ತು, ಇದನ್ನು ಮೆಚ್ಚಬೇಕು. ನನ್ನ ಬಳಿ ಆಗ 72,000 ಮೈಲು ಇದ್ದವು. ಹಳೆಯ ಬ್ಯಾಂಕು ಟಿಕೆಟ್ ಕೊಳ್ಳುವಾಗ ಒಂದು ಮೈಲಿಗೆ 40 ಪೈಸೆ ಕೊಡುತ್ತಿತ್ತು. ಹೊಸ ಬ್ಯಾಂಕು ಒಂದು ಮೈಲಿಗೆ ₹1 ಕೊಡುತ್ತದೆ, ಆದರೆ ಐದು ಹಳೆಯ ಮೈಲುಗಳಿಗೆ ಎರಡು ಹೊಸ ಮೈಲುಗಳನ್ನು ಮಾತ್ರ ಬರೆದುಕೊಳ್ಳುತ್ತದೆ. ಗುಣಿಸಿ ನೋಡಿದರೆ ಎರಡೂ ಕಡೆ ₹28,800 ಬರುತ್ತದೆ. "ನಿಮ್ಮ ಮೈಲುಗಳ ಮೌಲ್ಯ ಕಿಂಚಿತ್ತೂ ಕಡಿಮೆಯಾಗುವುದಿಲ್ಲ" ಎಂದು ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದುದು ಈ ಅರ್ಥದಲ್ಲಿ ಸುಳ್ಳಲ್ಲ.

ಆದರೆ ಮೈಲು ಕೂಡಿಡುವವರಲ್ಲಿ ಹೆಚ್ಚಿನವರು ಅದನ್ನು ರೂಪಾಯಿಗೆ ಬಳಸುವುದಿಲ್ಲ, ವಿಮಾನ ಕಂಪನಿಯ ಖಾತೆಗೆ ವರ್ಗಾಯಿಸುತ್ತಾರೆ. ಹಳೆಯ ಬ್ಯಾಂಕಿನಲ್ಲಿ ಎರಡು ಮೈಲು ಕೊಟ್ಟರೆ ವಿಮಾನ ಕಂಪನಿಯ ಒಂದು ಮೈಲು ಬರುತ್ತಿತ್ತು, ಅಂದರೆ 72,000ಕ್ಕೆ 36,000. ಹೊಸ ಬ್ಯಾಂಕಿನಲ್ಲಿ ಒಂದಕ್ಕೆ ಒಂದು. ಕೇಳಲು ಉದಾರವಾಗಿದೆ, ಆದರೆ ಅಷ್ಟು ಹೊತ್ತಿಗೆ ನನ್ನ ಬಳಿ ಉಳಿಯುವುದು 28,800 ಮಾತ್ರ. ಐದರಲ್ಲಿ ಒಂದು ಪಾಲು ಗಾಳಿಗೆ ಹೋಯಿತು. ಈ ಮಾತು ಪತ್ರದಲ್ಲಿ ಎಲ್ಲೂ ಇರಲಿಲ್ಲ. ಎರಡು ಪುಟಗಳ ಎರಡು ಕೋಷ್ಟಕಗಳನ್ನು ಒಟ್ಟಿಗೆ ಇಟ್ಟುಕೊಂಡು ಕಾಗದ ಪೆನ್ನು ಹಿಡಿದವರಿಗಷ್ಟೇ ಅದು ಕಾಣುತ್ತಿತ್ತು. ಹಳೆಯ ಮೈಲುಗಳಿಗೆ ಅವಧಿಯ ಮಿತಿ ಇರಲಿಲ್ಲ, ಹೊಸ ಮೈಲುಗಳು ಮೂರು ವರ್ಷಕ್ಕೆ ಸಾಯುತ್ತವೆ ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಬೇಕು.

ಹಾಗಾದರೆ ಎಲ್ಲವನ್ನೂ ಮೊದಲೇ ವಿಮಾನ ಕಂಪನಿಗೆ ತಳ್ಳಿಬಿಡಬಾರದೇ ಎಂದು ಯಾರಾದರೂ ಕೇಳಬಹುದು. ನಾನು 40,000 ಮೈಲುಗಳನ್ನು ಸಿಂಗಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಖಾತೆಗೆ ಕಳಿಸಿ 20,000 ಪಡೆದೆ. ಉಳಿದ 32,000ವನ್ನು ಬೇಕೆಂದೇ ಬಿಟ್ಟೆ. ಕ್ರಿಸ್‌ಫ್ಲೈಯರ್ ಮೈಲುಗಳಿಗೂ ಮೂರು ವರ್ಷದ ಗಡುವಿದೆ, ನಮ್ಮ ಪ್ರಯಾಣವೋ ಎರಡು ವರ್ಷಕ್ಕೊಂದು. ವಿಮಾನ ಕಂಪನಿಗಳಾದರೂ ಶಾಶ್ವತವೇ? ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿದಾಗ ಜೆಟ್ ಪ್ರಿವಿಲೇಜ್ ಮೈಲುಗಳನ್ನು ನಂಬಿದ್ದವರು ಕೈಯಲ್ಲಿ ಮೈಲು ಹಿಡಿದು ಹಾರಲು ವಿಮಾನವಿಲ್ಲದೆ ನಿಂತಿದ್ದನ್ನು ಮುಂಬಯಿಯವರು ಮರೆತಿಲ್ಲ. ಆ ಯೋಜನೆ ಮುಂದೆ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಬೇರೆ ರೂಪ ತಾಳಿತು. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿದಾಗ ಕ್ಲಬ್ ವಿಸ್ತಾರಾ ಸದಸ್ಯರ ಪಾಯಿಂಟುಗಳು ಏರ್ ಇಂಡಿಯಾದ ಯೋಜನೆಗೆ ಹೋದವು. ಒಂದು ಬ್ಯಾಂಕಿನಿಂದ ಓಡಿಹೋಗಿ ಒಂದೇ ವಿಮಾನ ಕಂಪನಿಯ ಮಡಿಲಿಗೆ ಬೀಳುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತಾದೀತು ಎಂಬ ಅಂಜಿಕೆಯಿಂದ ಪಾಲು ಮಾಡಿದೆ. ಈಗ ಲೆಕ್ಕ ಹಾಕಿದರೆ 3,200 ವಿಮಾನ ಮೈಲುಗಳು ನನಗೆ ಕಡಿಮೆಯಾದವು; ಅದನ್ನು ಅಂಜಿಕೆಯ ಶುಲ್ಕ ಎಂದುಕೊಂಡಿದ್ದೇನೆ.

ವರ್ಗಾವಣೆ ಒಂದು ಶನಿವಾರ ರಾತ್ರಿ ಆರಂಭವಾಗಿ ಸೋಮವಾರ ಬೆಳಿಗ್ಗೆ ಮುಗಿಯಿತು. ನಾನು ತೀರಿಸಬೇಕಿದ್ದ ಬಾಕಿ ಒಂದು ಪೈಸೆಯೂ ಆಚೀಚೆಯಾಗದೆ ಸೋಮವಾರ ಬೆಳಿಗ್ಗೆಯೇ ಹೊಸ ಬ್ಯಾಂಕಿನ ಆ್ಯಪ್‌ನಲ್ಲಿ ಕಾಣಿಸಿಕೊಂಡಿತು. ನನಗೆ ಬರಬೇಕಿದ್ದ ಮೈಲುಗಳು ಬಂದು ಕುಳಿತುಕೊಳ್ಳಲು ಇನ್ನೂ ಹನ್ನೆರಡು ದಿನ ತೆಗೆದುಕೊಂಡವು.

ತೊಂದರೆಯ ಮುಖ್ಯ ಮೂಲ ಕಾರ್ಡಿನ ಹೊಸ ಸಂಖ್ಯೆ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ನಮ್ಮ ಕಾರ್ಡಿನ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಟೋಕನ್, ಅಂದರೆ ಆ ಸಂಖ್ಯೆಯ ಜಾಗದಲ್ಲಿ ನಿಲ್ಲುವ ಒಂದು ಸಂಕೇತ, ಮಾತ್ರ ಇರುತ್ತದೆ. ಆ ಟೋಕನ್ ಹಳೆಯ ಕಾರ್ಡಿಗೆ ಕಟ್ಟಿದ್ದಾದ್ದರಿಂದ ರೈಲ್ವೆ ಟಿಕೆಟಿನ ತಾಣದಿಂದ ಹಿಡಿದು ದಿನಸಿಯ ಆ್ಯಪ್‌ವರೆಗೆ ಎಲ್ಲ ಕಡೆ ಹೊಸದಾಗಿ ಉಳಿಸಬೇಕಾಯಿತು. ಅದು ಬೇಸರದ ಕೆಲಸವಷ್ಟೇ. ಅಪಾಯವಿರುವುದು ತಾನಾಗಿ ಕಡಿತವಾಗುವ ಪಾವತಿಗಳಲ್ಲಿ. ₹15,000ದೊಳಗಿನ ಇಂಥ ಪಾವತಿಗಳು ಪ್ರತಿಸಲ ಓಟಿಪಿ ಇಲ್ಲದೆ ನಡೆಯುತ್ತವೆ, ಆದರೆ ಮೊದಲ ಸಲ ಗ್ರಾಹಕನೇ ಓಟಿಪಿ ಕೊಟ್ಟು ಅನುಮತಿಸಿರಬೇಕು. ನನ್ನ ಆರು ಅನುಮತಿಗಳಲ್ಲಿ ನಾಲ್ಕು ತಾವಾಗಿಯೇ ದಾಟಿ ಬಂದವು, ಎರಡು ಬರಲಿಲ್ಲ. ಒಂದು, ಮುಲುಂಡಿನ ಮನೆಯ ವಿದ್ಯುತ್ ಬಿಲ್ಲು, ದಂಡದೊಂದಿಗೆ ಮುಗಿಯಿತು. ಇನ್ನೊಂದು ನನ್ನ ಹೆಂಡತಿಯ ಆರೋಗ್ಯ ವಿಮೆಯ ಕಂತು. ಪಾವತಿಗೆ 24 ಗಂಟೆ ಮೊದಲು ಬರಬೇಕಾದ ಸಂದೇಶ ಬಾರದಿದ್ದುದನ್ನು ಅವಳೇ ಗಮನಿಸಿ ಕೇಳದಿದ್ದರೆ ಅದರ ಪರಿಣಾಮ ಮೈಲುಗಳ ಲೆಕ್ಕವನ್ನು ಮೀರುತ್ತಿತ್ತು. ಬೇರೆ ಬ್ಯಾಂಕಿನ ಆ್ಯಪ್‌ನಿಂದ ಕಾರ್ಡಿನ ಬಿಲ್ಲು ಕಟ್ಟುವವರು ಭಾರತ್ ಬಿಲ್ ಪಾವತಿ ವ್ಯವಸ್ಥೆಯಲ್ಲಿ ಹಳೆಯ ಹೆಸರನ್ನು ಅಳಿಸಿ ಹೊಸ ಹೆಸರನ್ನು ಸೇರಿಸಿಕೊಳ್ಳಬೇಕು. ಬಿಲ್ಲಿನ ದಿನಾಂಕವೂ 18ರಿಂದ 5ಕ್ಕೆ ಸರಿದಿದ್ದರಿಂದ ಒಂದೇ ತಿಂಗಳಲ್ಲಿ ಎರಡು ಬಿಲ್ಲುಗಳು ಬಂದವು.

ಅತಿ ಹೆಚ್ಚು ದಣಿಸಿದ್ದು ಒಂದು ಮರುಪಾವತಿ. ಗೋವಾದ ಹೋಟೆಲೊಂದರಲ್ಲಿ ಕಾಯ್ದಿರಿಸಿದ್ದ ಕೋಣೆಯನ್ನು ವರ್ಗಾವಣೆಯ ಹಿಂದಿನ ವಾರ ರದ್ದು ಮಾಡಿದ್ದೆ. ₹11,460 ಹಳೆಯ ಕಾರ್ಡಿನ ಸಂಖ್ಯೆಗೆ ಹೊರಟು ನಡುದಾರಿಯಲ್ಲಿ ಮಾಯವಾಯಿತು. ಹೋಟೆಲಿನವರು ಕಳಿಸಿದ್ದೇವೆ ಎಂದರು, ಹಳೆಯ ಬ್ಯಾಂಕು ಖಾತೆ ನಮ್ಮಲ್ಲಿಲ್ಲ ಎಂದಿತು, ಹೊಸ ಬ್ಯಾಂಕು ಹಣ ಬಂದಿಲ್ಲ ಎಂದಿತು, ಮುಲುಂಡಿನ ಶಾಖೆಯವರು ಕಾರ್ಡಿನ ವಿಭಾಗವೇ ಬೇರೆ ಎಂದು ಕೈ ತೊಳೆದುಕೊಂಡರು. ಮೂರನೆಯ ಕರೆಯಲ್ಲಿ ಭಾಷೆಯ ಆಯ್ಕೆಗಳಲ್ಲಿ ಕನ್ನಡವೂ ಇದ್ದುದನ್ನು ಕಂಡು, ಸುಮ್ಮನೆ ನೋಡೋಣವೆಂದು ಅದನ್ನೇ ಒತ್ತಿದೆ. ದಾವಣಗೆರೆ ಕಡೆಯ ಮಾತಿನ ಹುಡುಗಿಯೊಬ್ಬಳು, "ಸರ್, ಹೋಟೆಲಿನವರ ಹತ್ರ ಎಆರ್‌ಎನ್ ನಂಬರ್ ಇಸ್ಕೊಳ್ರಿ, ಇಪ್ಪತ್ಮೂರು ಅಂಕಿ ಇರ್ತದೆ, ಅದಿದ್ರೆ ಹಣ ಎಲ್ಲಿ ಕೂತದೆ ಅಂತ ಗೊತ್ತಾಗ್ತದೆ" ಎಂದಳು. ಎಆರ್‌ಎನ್ ಎಂದರೆ ಕಾರ್ಡಿನ ವ್ಯವಹಾರವನ್ನು ಹುಡುಕಲು ಬಳಸುವ ಗುರುತಿನ ಸಂಖ್ಯೆ. ಎರಡು ವಾರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆದ ವಾದದಲ್ಲಿ ಯಾರೂ ಹೇಳದಿದ್ದ ಮಾತು ಅದು. ಆ ಸಂಖ್ಯೆಯನ್ನು ಕೊಟ್ಟ ನಾಲ್ಕನೆಯ ದಿನ ಹಣ ಜಮೆಯಾಯಿತು. ಈ ಸೇವೆಯಲ್ಲಿ ನಾನು ನಿಸ್ಸಂಕೋಚವಾಗಿ ಪೂರ್ಣ ಅಂಕ ಕೊಡುವುದು ಆ ಕರೆಯೊಂದಕ್ಕೆ.

ವಿಮಾನ ನಿಲ್ದಾಣದ ಲಾಂಜ್, ಅಂದರೆ ವಿಶ್ರಾಂತಿ ಕೋಣೆಯ, ವಿಷಯವನ್ನು ಉದ್ದ ಮಾಡುವುದಿಲ್ಲ. ಹಳೆಯ ಕಾರ್ಡಿನಲ್ಲಿ ಷರತ್ತಿಲ್ಲದ ಪ್ರವೇಶವಿತ್ತು; ಹೊಸದರಲ್ಲಿ ಹಿಂದಿನ ಮೂರು ತಿಂಗಳಲ್ಲಿ ₹50,000 ಖರ್ಚಾಗಿರಬೇಕು. ನನ್ನ ಖರ್ಚು ಅದಕ್ಕಿಂತ ಹೆಚ್ಚೇ ಇತ್ತು, ಆದರೆ ಅದರಲ್ಲಿ ಎರಡು ತಿಂಗಳಿನದು ಹಳೆಯ ಬ್ಯಾಂಕಿನ ಲೆಕ್ಕದಲ್ಲಿ ಉಳಿದಿದ್ದರಿಂದ ಬೆಳಗಿನ ಐದು ಗಂಟೆಗೆ ಬಾಗಿಲಲ್ಲಿ ಯಂತ್ರ ಕಾರ್ಡನ್ನು ನಿರಾಕರಿಸಿತು. ಹೊರಗೆ ಕೊಂಡ ಎರಡು ಇಡ್ಲಿಗಳ ಬೆಲೆಯನ್ನು ಇಲ್ಲಿ ಬರೆದರೆ ಮಾಟುಂಗಾದವರು ನಂಬಲಾರರು.

ಇನ್ನು ಈಗಿನ ಕಾರ್ಡಿನ ಗುಣದೋಷ. ದಿನನಿತ್ಯದ ಖರ್ಚಿಗೆ ಮೊದಲು ನೂರು ರೂಪಾಯಿಗೆ ₹1.20ರಷ್ಟು ಮರಳುತ್ತಿತ್ತು, ಈಗ ₹1 ಮರಳುತ್ತದೆ; ಬಾಡಿಗೆ, ಇಂಧನ ಮತ್ತು ವ್ಯಾಲೆಟ್‌ಗೆ ಹಾಕುವ ಹಣಕ್ಕೆ ಏನೂ ಇಲ್ಲ. ಪ್ರಯಾಣದ ಟಿಕೆಟುಗಳಿಗೆ ಮೊದಲಿನ 3.2 ಶೇಕಡಾ ಈಗ 4 ಶೇಕಡಾ ಆಗಿದೆ, ಆದರೆ ಬ್ಯಾಂಕಿನ ಸ್ವಂತ ಪ್ರಯಾಣ ತಾಣದಲ್ಲಿ ಕೊಂಡರೆ ಮಾತ್ರ. ಮಂಗಳೂರಿನ ಟಿಕೆಟ್ ವಿಮಾನ ಕಂಪನಿಯಲ್ಲಿ ₹5,200 ಇದ್ದ ದಿನ ಬ್ಯಾಂಕಿನ ತಾಣದಲ್ಲಿ ₹5,480 ಇತ್ತು. ₹219ರ ಮೈಲುಗಳಿಗಾಗಿ ₹280 ಹೆಚ್ಚು ಕೊಡುವುದು ಬುದ್ಧಿವಂತಿಕೆಯಲ್ಲ. ಸಿಂಗಪುರದ ₹31,000ದ ಟಿಕೆಟಿನಲ್ಲಿ ವ್ಯತ್ಯಾಸ ಬರೀ ₹150 ಇದ್ದುದರಿಂದ ₹1,240ರ ಮೈಲುಗಳು ಬಂದು, ಹಳೆಯ ಕಾರ್ಡಿಗಿಂತ ನೂರು ರೂಪಾಯಿಯಷ್ಟು ಲಾಭವೇ ಆಯಿತು. ವರ್ಷದ ಶುಲ್ಕ ತೆರಿಗೆ ಸೇರಿ ₹2,950. ನವೀಕರಣಕ್ಕೆ ಸಿಗುವ ಮೈಲುಗಳು ₹2,000ಕ್ಕೆ ಸಮ. ದೂರದ ಪ್ರಯಾಣ ಮಾಡುವವರಿಗೆ ಇದು ಈಗಲೂ ಒಳ್ಳೆಯ ಕಾರ್ಡು, ಊರಿಗೆ ಹೋಗಿಬರುವವರಿಗೆ ಅಲ್ಲ.

ನಮ್ಮ ಸಾಲ ಮತ್ತು ಮರುಪಾವತಿಯ ಇತಿಹಾಸವಿರುವ ಕ್ರೆಡಿಟ್ ವರದಿಯಲ್ಲಿ ಹೊಸ ಖಾತೆ ಯಾವ ದಿನಾಂಕದಿಂದ ಕಾಣುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ನನ್ನ ಒಂದು ವರದಿಯಲ್ಲಿ ಒಂಬತ್ತು ವರ್ಷದ ಇತಿಹಾಸ ಅಳಿದು ಅದು ಎಳೆಗೂಸಿನ ಖಾತೆಯಾಗಿತ್ತು. ಇಂಥ ವರದಿ ಸಿದ್ಧಪಡಿಸುವ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಕೊಡಬೇಕು, ದೂರನ್ನು 30 ದಿನಗಳಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ₹100 ಪರಿಹಾರ ಸಲ್ಲುತ್ತದೆ. ನನ್ನದು ಹತ್ತೊಂಬತ್ತನೆಯ ದಿನ ಸರಿಯಾಯಿತು. ಹಳೆಯ ಬ್ಯಾಂಕಿನ ತಾಣ ಮುಚ್ಚುವ ಮೊದಲೇ ಎಲ್ಲ ಬಿಲ್ಲುಗಳನ್ನು ಇಳಿಸಿಟ್ಟುಕೊಂಡಿದ್ದುದು ಅಲ್ಲಿ ಕೆಲಸಕ್ಕೆ ಬಂತು.

ಕಾರ್ಡನ್ನು ಹಿಂದಿರುಗಿಸಬೇಕೆಂದರೆ ಅದಕ್ಕೂ ದಾರಿಯಿದೆ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ ₹500 ದಂಡವನ್ನು ಗ್ರಾಹಕನಿಗೆ ಕೊಡಬೇಕು. ಶುಲ್ಕ ಹೆಚ್ಚಿಸುವುದಿದ್ದರೆ ಒಂದು ತಿಂಗಳು ಮೊದಲೇ ತಿಳಿಸಬೇಕು. ನಾನಿನ್ನೂ ಆ ಪತ್ರ ಬರೆದಿಲ್ಲ. ಬಿಟ್ಟಿದ್ದ 32,000ಕ್ಕೆ ಬದಲಾಗಿ ಬಂದ 12,800 ಹೊಸ ಮೈಲುಗಳಲ್ಲಿ 5,400 ಒಂದು ಸಲದ ಮಂಗಳೂರು ಟಿಕೆಟಿಗೆ ಹೋದವು. ಉಳಿದ 7,400ಕ್ಕೆ ಸಿಂಗಪುರದ ಟಿಕೆಟಿನವೂ ಸೇರಿ ಇನ್ನಷ್ಟು ಕೂಡಿವೆ. ಮುಂದಿನ ವಾರ್ಷಿಕ ಶುಲ್ಕ ಡಿಸೆಂಬರಿನ ಬಿಲ್ಲಿನಲ್ಲಿ ಬರಲಿದೆ. ನವೆಂಬರ್ ಮುಗಿಯುವುದರೊಳಗೆ ಕ್ರಿಸ್‌ಫ್ಲೈಯರ್ ಖಾತೆಯ 20,000ದ ಜೊತೆಗೆ ಇವನ್ನೂ ಸೇರಿಸಿ ಮಗಳ ಮನೆಗೆ ಹೋಗುವ ಟಿಕೆಟ್ ಸಿಕ್ಕರೆ, ಏಳು ಕೆಲಸದ ದಿನಗಳ ಎಣಿಕೆಯನ್ನು ಅಂದಿನಿಂದಲೇ ಶುರು ಮಾಡುತ್ತೇನೆ.